ಹುಲ್ಲಿನ ಮೇಲೆ ಕಾಲಿಡಬೇಡಿ

ಮಕ್ಕಳನ್ನು ಬೆಟ್ಟ ಹತ್ತಿಸುವುದೇ ನಮ್ಮ ಸಂಸ್ಥೆಯ ಕೆಲಸ. ತೊಂಬತ್ತರ ದಶಕದಲ್ಲೊಮ್ಮೆ, ದಾನಿಗಳ ಕೈ ಬಿಚ್ಚಿಸಲು, ವಾರ್ಷಿಕೋತ್ಸವವನ್ನು ಸೇಲಂನ ಎಸಿ ಹೋಟೆಲಿನಲ್ಲಿ ಇಟ್ಟರು. ಕಾರಿಮಂಗಲದ ಕಡೆಯ ಹಳ್ಳಿಗಳಿಂದ ನಾನು ಕರೆತಂದ ಮಕ್ಕಳು ಅಲ್ಲಿನ ಹುಲ್ಲಿಗೆ ಇಳಿದದ್ದೇ ತಡ, ನಮ್ಮ ಕಾರ್ಯದರ್ಶಿಯೇ ಓಡಿಬಂದರು.

"ಯೋವ್, ಲಾನ್ ಆಳಾಗೋಯ್ತದೆ! ಓಟ್ಲು ಮ್ಯಾನೇಜರ್ ಬಾಯಿಗ್ ಬಂದಂಗೆ ತಿಟ್ತಾವ್ನೆ."

"ಇವು ಮಕ್ಕಳು ಸಾರ್, ಉಲ್ಲು ಮೇಯಾಕೆ ಬಂದಿಲ್ಲ," ಅಂದೆ.

"ಬಾಯ್ ಮುಚ್ಕೊಂಡು ಒಳಗೆ ಕರ್ಕೊಂಡೋಗು!"

ಒಳಗೆ, ವೇದಿಕೆಯ ಮೇಲೆ ರಟ್ಟಿನ ಬೆಟ್ಟ, ಪ್ಲಾಸ್ಟಿಕ್ ಹುಲ್ಲು. ಅದರ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಅದೇ ಕಾರ್ಯದರ್ಶಿ ಮೈಕ್ ಹಿಡಿದರು: "ಈ ಮಕ್ಕಳ ಕಾಲಿಗೆ ಮಣ್ಣು ಮುಟ್ಟಿಸಿದವರು ನಾವು."

ದಾನಿಗಳು ಚಪ್ಪಾಳೆ ತಟ್ಟಿದರು. ಇಷ್ಟಕ್ಕೂ, ಕಾರ್ಪೆಟ್ ಕೊಳೆಯಾಗುತ್ತದೆಂದು ಒಳಗೆ ಬರುವಾಗ ಬಾಗಿಲಲ್ಲೇ ನಿಂತು ಆ ಕಾಲುಗಳ ಮಣ್ಣು ತೊಳೆಸಿದವರೂ ಈ ಕಾರ್ಯದರ್ಶಿಯೇ.