ಮೂರನೇ ಕಾಲಮ್ಮಿನಲ್ಲಿ ಅಕ್ಕ

ನನ್ನದು ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಅನುವಾದ ಮಾಡುವ ಕೆಲಸ. ಜಯನಗರದಲ್ಲಿ ಸಂಜೆ ತರಗತಿಗೆ ಹೋಗಿ ಕಲಿತ ಭಾಷೆ ಅದು. ಅದನ್ನಾಡುವ ಒಂದು ದೇಶವನ್ನೂ ನಾನು ಕಂಡಿಲ್ಲ. ವಾರಕ್ಕೆರಡು ದಿನ ಜೆ.ಪಿ. ನಗರದ ಆಫೀಸು, ಉಳಿದ ದಿನ ಇಟ್ಟಮಡುವಿನ ಮಹಡಿ ಮನೆಯಲ್ಲಿ ಅಕ್ಕನ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಲ್ಯಾಪ್‌ಟಾಪ್. ಅಕ್ಕ ಬ್ಲೌಸ್ ಹೊಲಿಯುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ.

ಕಳೆದ ವರ್ಷ ಮನಸ್ಸಿನ ಕಾಯಿಲೆಗಳ ಪದಪಟ್ಟಿಯೊಂದು ನನ್ನ ಪಾಲಿಗೆ ಬಂತು. ಯಾವುದೋ ದೇಶದ ಆಸ್ಪತ್ರೆಗಳಿಗಂತೆ. ಮೊದಲ ಕಾಲಮ್ಮಿನಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಸ್ಪ್ಯಾನಿಷ್, ಮೂರನೆಯದರಲ್ಲಿ ರೋಗಿಯ ಬಾಯಲ್ಲಿ ಬರಬಹುದಾದ ಒಂದು ವಾಕ್ಯ, ಕೊನೆಗೆ ಆ ವಾಕ್ಯ ಬರೆದ ತಾರೀಖು. ಪದಗಳೇನೂ ಕಷ್ಟವಾಗಲಿಲ್ಲ. ಆಂಗ್ಸೈಟಿಗೆ ಆನ್ಸಿಯೆದಾದ್, ಗಿಲ್ಟಿಗೆ ಕುಲ್ಪಾ, ಗ್ರೀಫಿಗೆ ದುವೆಲೊ. ತಿಣುಕಾಡಿದ್ದು ಮೂರನೇ ಕಾಲಮ್ಮಿಗೆ. ನಾನು ಕಟ್ಟಿದ ವಾಕ್ಯಗಳನ್ನು ಆಫೀಸಿನ ಹಿರಿಯರು, ಇದು ಪುಸ್ತಕದ ಮಾತು, ನೊಂದವರು ಹೀಗೆ ಆಡುವುದಿಲ್ಲ ಎಂದು ವಾಪಸ್ ಕಳಿಸಿದರು.

ನೊಂದವರು ಹೇಗೆ ಆಡುತ್ತಾರೆ ಎಂದು ತಿಳಿಯಲು ನಾನೇನು ದೂರ ಹೋಗಬೇಕಿರಲಿಲ್ಲ. ಅಮ್ಮ ಹೋದಾಗಿನಿಂದ ಅಕ್ಕ ಮಿಷನ್ ಮುಂದೆ ಕೂತು, ತುಳಿಯದೆ, ಕಿಟಕಿ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಹಾಸಿಗೆಯಿಂದಲೇ "ಎದ್ದು ಏನ್ ಮಾಡ್ಲಿ?" ಅಂದಳು. ನಾನು ಕಾಫಿ ಲೋಟವನ್ನು ಅವಳ ಹತ್ತಿರ ಇಟ್ಟು ಬಂದು, ಆ ಮಾತನ್ನು ಸ್ಪ್ಯಾನಿಷಿಗೆ ತಿರುಗಿಸಿ ಆಪಾತಿಯಾ, ಅಂದರೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಎಂಬ ಪದದ ಎದುರು ಹಾಕಿದೆ. ಒಂದೇ ಸಲಕ್ಕೆ ಪಾಸಾಯಿತು. ಆಮೇಲೆ ಅದೇ ರೂಢಿಯಾಯಿತು. ಸಾರಿಗೆ ಉಪ್ಪು ಹಾಕಿದರೂ ಬಿಟ್ಟರೂ ತನಗೆ ಒಂದೇ ಅಂದಳು, ಅದೂ ಪಟ್ಟಿಗೆ ಹೋಯಿತು. ಅಮ್ಮನ ಸೀರೆ ಮಡಿಸುತ್ತಾ, ತಾನು ಇನ್ನೂ ಚೆನ್ನಾಗಿ ನೋಡಿಕೊಳ್ಳಬೇಕಿತ್ತು ಅಂದಳು, ಅದು ಕುಲ್ಪಾಕ್ಕೆ ಸರಿಯಾಗಿ ಕೂತಿತು. ಇಂಥವನ್ನೆಲ್ಲ ಎಲ್ಲಿಂದ ತರುತ್ತೀರಿ ಮೇಡಂ ಎಂದು ಆಫೀಸಿನಲ್ಲಿ ಹೊಗಳಿದರು. ನಾನು ಉಬ್ಬಿಹೋದೆ. ಈಗ ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಮ್ಮ ಮನೆತನಕ್ಕೆ ಬರುವುದು ಮೂರೇ ಕಾಯಿಲೆ: ಗ್ಯಾಸು, ಬಿ.ಪಿ., ವೀಕ್ನೆಸ್ಸು. ಮನಸ್ಸಿನ ಕಾಯಿಲೆ ಏನಿದ್ದರೂ ಪಕ್ಕದ ಮನೆಯವರಿಗೆ. ಬ್ಲೌಸ್ ಕೇಳಿಕೊಂಡು ಬಂದ ಆಂಟಿಯರಿಗೆಲ್ಲ ನಾನು ಅಕ್ಕನಿಗೆ ವೀಕ್ನೆಸ್ ಅಂದೆ. ತಲೆ ಕೆಟ್ಟಿದೆಯಂತೆ ಎಂದು ಬೀದಿಯಲ್ಲಿ ಒಬ್ಬರು ಅಂದರೆ ಮುಗಿಯಿತು, ಅವಳ ಕೈಗೆ ಯಾರೂ ಬಟ್ಟೆ ಕೊಡುವುದಿಲ್ಲ ಎಂಬ ಭಯ ನನಗೆ. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಡಾಕ್ಟರು ಏನು ತೊಂದರೆ ಎಂದು ಅಕ್ಕನನ್ನೇ ಕೇಳಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು, "ವೀಕ್ನೆಸ್ ಸಾರ್, ಸ್ವಲ್ಪ ಗ್ಯಾಸು" ಅಂದೆ. ಅಕ್ಕ ನನ್ನ ಮುಖ ನೋಡಿದಳು. ಅವರು ಟಾನಿಕ್ ಬರೆದುಕೊಟ್ಟರು.

ಪಟ್ಟಿಯ ಕೊನೆಯ ಪದ ಹೋಪ್‌ಲೆಸ್‌ನೆಸ್. ಸ್ಪ್ಯಾನಿಷಿನಲ್ಲಿ ದೆಸೆಸ್ಪೆರಾನ್ಸಾ. ಆ ವಾರ ಅಕ್ಕ ಗುಂಡಿಗಳ ಡಬ್ಬಿ ಮುಚ್ಚುತ್ತಾ, "ನಾನಿಲ್ದಿದ್ರೆ ನಿಂಗೆ ಹಗುರ" ಅಂದಿದ್ದಳು. ಸುಮ್ಮನಿರು ಎಂದು ಗದರಿ, ಅದನ್ನೂ ಮೂರನೇ ಕಾಲಮ್ಮಿಗೆ ಸೇರಿಸಿ ಫೈಲು ಕಳಿಸಿಬಿಟ್ಟೆ.

ಮೂರು ದಿನ ಕಳೆದು ನಾನು ಆಫೀಸಿನಿಂದ ಬರುವಾಗ ಬಾಗಿಲು ತೆರೆದೇ ಇತ್ತು. ಅಕ್ಕ ಇರಲಿಲ್ಲ. ಅವಳ ಮೊಬೈಲು ಮಿಷನ್ನಿನ ಮೇಲಿತ್ತು. ಬನಶಂಕರಿ ಗುಡಿ, ಬಸ್ ಸ್ಟ್ಯಾಂಡು ಎಲ್ಲ ಹುಡುಕಿದೆ. ಆರು ಗಂಟೆ ಹೊತ್ತಿಗೆ ಮಡಿವಾಳ ಕೆರೆಯ ಕಾವಲುಗಾರನಿಂದ ಫೋನ್ ಬಂತು. ಗಿರಾಕಿಗಳಿಗೆ ಬ್ಲೌಸ್ ಹಾಕಿಕೊಡುವ ಚೀಲದ ಮೇಲೆ ನನ್ನ ನಂಬರು ಅಚ್ಚು ಮಾಡಿಸಿದ್ದೆವು. ಅಕ್ಕನ ಕೈಯಲ್ಲಿ ಅಂಥದೊಂದು ಚೀಲವಿತ್ತಂತೆ.

"ನಿಮ್ಮೋರು ಒಬ್ರು ನೀರಿನ ಹತ್ರ ಕೂತವ್ರೆ ಮೇಡಂ. ಗೇಟ್ ಹಾಕ್ಬೇಕು, ಏಳಿ ಅಂದ್ರೂ ಏಳ್ತಿಲ್ಲ" ಅಂದ.

ಆಟೊ ಟ್ರಾಫಿಕ್ಕಿನಲ್ಲಿ ನಿಂತಾಗ ಇಳಿದು ಓಡಿದೆ. ಅಕ್ಕ ಕೂತೇ ಇದ್ದಳು, ಕಾವಲುಗಾರ ಅವಳ ಪಕ್ಕದಲ್ಲೇ ನಿಂತಿದ್ದ. ಅವನ ಋಣ ನಾನು ತೀರಿಸಲಾರೆ.

ಮಾರನೇ ದಿನ ದೊಡ್ಡಾಸ್ಪತ್ರೆಯ ಮನೋವೈದ್ಯೆ, ಎಷ್ಟು ದಿನದಿಂದ ಹೀಗೆ, ಏನೇನು ಹೇಳುತ್ತಿದ್ದರು ಎಂದು ಕೇಳಿದರು. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ನನ್ನ ನಾಲಿಗೆಯ ತುದಿಗೆ ಮತ್ತೆ ವೀಕ್ನೆಸ್ ಅನ್ನುವುದೇ ಬಂತು. ಅದನ್ನು ನುಂಗಿಕೊಂಡು ಮೊಬೈಲಿನಲ್ಲಿ ಆ ಫೈಲು ತೆರೆದೆ. ಮೊದಲ ತಾರೀಖು ಐದು ತಿಂಗಳ ಹಿಂದಿನದು. ಸ್ಪ್ಯಾನಿಷಿನಿಂದ ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ಇಳಿಸುತ್ತಾ ಓದಿದೆ. ಅವರು ಬರೆದುಕೊಂಡರು. ನಾಲ್ಕನೆಯದಕ್ಕೆ ಅಕ್ಕ ತಲೆ ಎತ್ತಿದಳು. ಕೊನೆಯದನ್ನೂ ಬಿಡದೆ ಓದಿದೆ.

ಅಕ್ಕ ಕೋಪ ಮಾಡಿಕೊಳ್ಳಲಿಲ್ಲ. "ನಿಂಗೆ ಕೇಳಿಸ್ತಾನೇ ಇಲ್ಲ ಅಂದ್ಕೊಂಡಿದ್ದೆ ಕಣೆ" ಅಂದಳು, ಅಷ್ಟೆ.

ಈಗ ಮಾತ್ರೆ ನಡೆಯುತ್ತಿದೆ. ಎರಡು ದಿನಕ್ಕೊಂದು ಬ್ಲೌಸ್ ಮುಗಿಸುತ್ತಾಳೆ. ಬರುವ ಆಂಟಿಯರ ಜೊತೆ ನಾಲ್ಕು ಮಾತೂ ಆಡುತ್ತಾಳೆ. ನಾನು ಪಕ್ಕದಲ್ಲಿ ಬಂದು ಲ್ಯಾಪ್‌ಟಾಪ್ ತೆರೆದರೆ ಮಾತ್ರ ಮಾತು ನಿಲ್ಲಿಸಿಬಿಡುತ್ತಾಳೆ.