ನಾಲ್ಕು ಹೆಗಲು

ಪಾರ್ಟಿಗೆ ಯಾಕೆ ಸೇರಿದಿರಿ ಎಂದು ಮೊನ್ನೆ ಕಾಲೇಜಿನ ಹುಡುಗಿಯೊಬ್ಬಳು ಕಾಗದ ಹಿಡಿದು ಬಂದು ಕೇಳಿದಳು. ಸಿದ್ಧಾಂತ, ಸಮಾಜಸೇವೆ, ಸ್ಥಾನಮಾನ ಅಂತ ಅದರಲ್ಲಿ ಟಿಕ್ ಹಾಕಲು ಚೌಕಗಳಿದ್ದವು. ಹೆಣ ಅಂತ ಒಂದು ಚೌಕ ಇರಲಿಲ್ಲ. ಖಾಲಿ ಬಿಟ್ಟು ವಾಪಸ್ ಕೊಟ್ಟೆ.

ಘಾಟ್ಕೋಪರಿನಲ್ಲಿ ಬಿಲ್ಡಿಂಗಿಗೆ ಬಣ್ಣ ಹೊಡೆಯುತ್ತಿದ್ದ ಅಪ್ಪ ಬಿದಿರಿನ ಸಾರವೆಯಿಂದ ಬಿದ್ದು ಸತ್ತ. ಆಸ್ಪತ್ರೆಯಿಂದ ಹೆಣ ಬಿಡಿಸಿಕೊಳ್ಳಲು ನಾನು ಕಿಟಕಿಯಿಂದ ಕಿಟಕಿಗೆ ಅಲೆದೆ. ಮರಾಠಿ ಕಾಗದ ಓದಲು ಬರುತ್ತಿರಲಿಲ್ಲ. ಮಧ್ಯಾಹ್ನ ನಮ್ಮ ಗಲ್ಲಿಯ ಪಾರ್ಟಿ ಮುಖಂಡ, ಎಲ್ಲರೂ ಭಾವು ಅನ್ನುತ್ತಿದ್ದ ಸೋಲಾಪುರದವನು, ಬಂದು ಎರಡು ಫೋನ್ ಮಾಡಿದ. ಅರ್ಧ ಗಂಟೆಯಲ್ಲಿ ಅಪ್ಪ ಹೊರಗೆ ಬಂದ. ಅವನ ಹುಡುಗರೇ ಹೆಗಲು ಕೊಟ್ಟರು. ಚಿತೆಗೆ ಬೆಂಕಿಯಿಟ್ಟು ಕೈ ತೊಳೆದು ಬಂದಾಗ ಭಾವು ಜೇಬಿನಿಂದ ಸದಸ್ಯತ್ವದ ಫಾರಂ ತೆಗೆದ. ಸಹಿ ಹಾಕಿದೆ.

"ಪರಊರಾಗ ನಿಮ್ಮಪ್ಪಗ ನಾಕು ಮಂದಿ ಹೆಗಲು ಕೊಟ್ರಲ್ಲೋ," ಅಂದಳು ಅವ್ವ. "ನನಗೂ ಅಷ್ಟ ಸಿಕ್ಕರ ಸಾಕು. ಆಂಬುಲೆನ್ಸಿನಾಗ ತುರುಕಿ ಒಯ್ಯಬ್ಯಾಡ, ಮಗನ."

ಅಲ್ಲಿಂದ ಹದಿನಾಲ್ಕು ವರ್ಷ ಪಾರ್ಟಿಗೆ ದುಡಿದೆ. ಗಲ್ಲಿಯಲ್ಲಿ ಯಾರು ಸತ್ತರೂ ಬಿದಿರು, ಮಡಕೆ, ಸ್ಮಶಾನದ ಚೀಟಿ, ಎಲ್ಲ ನನ್ನ ಕೆಲಸ. ಕೊನೆಗೆ ಜೇಬಿನಿಂದ ಫಾರಂ. ಅಳುತ್ತಿರುವವನು ಬೇಡ ಅನ್ನುವುದಿಲ್ಲ. ಎದುರು ಮನೆಯ ಬಿಜಾಪುರದವನು ಬೇರೆ ಪಾರ್ಟಿ ಸೇರಿದನೆಂದು ಅವನ ಜೊತೆ ಮಾತು ಬಿಟ್ಟೆ, ಅವನ ಮಗಳ ಮದುವೆಗೂ ಹೋಗಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಈ ಸಲದ ಚುನಾವಣೆಯಲ್ಲಿ ದೊಡ್ಡ ಸಾಹೇಬರ ಸಭೆ ಇತ್ತು. ಬೆಳಿಗ್ಗೆ ಎಂಟಕ್ಕೆ ಗಲ್ಲಿಯ ನಮ್ಮ ಪಾರ್ಟಿ ಗಂಡಸರನ್ನೆಲ್ಲ ನಾನೇ ಎರಡು ಬಸ್ಸಿಗೆ ಹತ್ತಿಸಿದೆ. ಭಾಷಣದ ನಡುವೆ ಎದ್ದು ಬಂದವನು ನಾಳೆ ನನ್ನ ಹತ್ತಿರ ಯಾವ ಕೆಲಸಕ್ಕೂ ಬರಬಾರದು ಎಂದು ಗದರಿಸಿಯೇ ಕಳಿಸಿದೆ. ಅವ್ವನಿಗೆ ಉಸಿರಾಟ ಸರಿಯಿಲ್ಲವೆಂದು ನಾನೊಬ್ಬ ಉಳಿದುಕೊಂಡೆ. ಹತ್ತಕ್ಕೆ ಅವ್ವ ಹೋದಳು.

ಭಾವುಗೆ ಫೋನ್ ಮಾಡಿದೆ.

"ಅರೆರೆ! ಸಾಹೇಬ್ರ ಭಾಷಣ ಮುಗೀಲಿ, ಎಲ್ಲಾರ್ನೂ ಕಳಸ್ತೀನಿ. ಅವಸರ ಇದ್ರ ಆಂಬುಲೆನ್ಸ್ ಈಗ ಬರ್ತದ, ನೋಡು."

ಬಸ್ಸಿನಲ್ಲಿ ಹೋದವರಿಗೂ ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. "ನಡುವ ಏಳಬ್ಯಾಡ್ರಿ ಅಂತ ನೀವ ಹೇಳೀರಲ್ಲ, ಅಣ್ಣಾ," ಅಂದರು. ಭಾಷಣ ಸಂಜೆಯಾದರೂ ಶುರುವಾಗಲಿಲ್ಲ. ನಾನು ಅವ್ವನ ಕಾಲ ಬಳಿ ಕೂತು ಗೋಳೋ ಎಂದು ಅತ್ತೆ.

ಎದುರು ಮನೆಯವನು ಕರೆಯದೆಯೇ ಬಂದ. ತನ್ನ ಪಾರ್ಟಿಯ ಮೂವರನ್ನು ಜೊತೆಗೆ ಕರೆತಂದಿದ್ದ. ನಾನು ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದೆ. ಅವ್ವ ನಾಲ್ಕು ಹೆಗಲ ಮೇಲೆಯೇ ಹೋದಳು.

ಸ್ಮಶಾನದ ನಲ್ಲಿಯಲ್ಲಿ ಕೈ ತೊಳೆಯುತ್ತ, ತಪ್ಪಾತು ಎಂದು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಕೈ ಅಂಗಿಯ ಜೇಬಿಗೆ ಹೋಯಿತು.

"ಮನಸ್ಸಿದ್ರ ಅಷ್ಟ, ಅಣ್ಣಾ. ಒತ್ತಾಯ ಇಲ್ಲ."

ಹದಿನಾಲ್ಕು ವರ್ಷ ನಾನು ಎಲ್ಲರಿಗೂ ಹೇಳಿದ್ದು ಇದೇ ಮಾತು. ಪೆನ್ನು ಕೊಡು ಅಂದೆ.