ಶಾಲು, ಹಾರ ಮತ್ತು ಮೂರನೇ ಬೆಂಚು

ನಮ್ಮ ಭಾಗದಲ್ಲಿ ಮನುಷ್ಯನಿಗೆ ಏನೇ ಆಗಲಿ, ಒಂದು ಶಾಲು ಹೊದಿಸಿಬಿಡುತ್ತಾರೆ. ವರ್ಗವಾದರೆ ಶಾಲು, ವರ್ಗ ರದ್ದಾದರೆ ಶಾಲು, ನಿವೃತ್ತಿಯಾದರೆ ಶಾಲಿನ ಜೊತೆಗೊಂದು ತೆಂಗಿನಕಾಯಿ. ನಾನು ಟೀಚರಾಗಿ ಆಳಂದದಿಂದ ಜೇವರ್ಗಿಗೆ, ಜೇವರ್ಗಿಯಿಂದ ಅಫಜಲಪುರಕ್ಕೆ ಬರುವಷ್ಟರಲ್ಲಿ ಟ್ರಂಕು ತುಂಬ ಶಾಲು ಕೂಡಿದ್ದವು. ಒಂದು ವಾಷಿಂಗ್ ಮಷಿನ್ನಿನ ಮೇಲಿದೆ, ಒಂದು ಮಿಕ್ಸರಿನ ಮೇಲಿದೆ. ಉಳಿದವು ಬೇರೆಯವರ ಸನ್ಮಾನಕ್ಕೆ ಹೋದವು. ಅವುಗಳಲ್ಲೊಂದು ಊರೆಲ್ಲ ಸುತ್ತಿ ತಿರುಗಿ ನನ್ನ ಹೆಗಲಿಗೇ ಬಂತು. ಅರಿಶಿನದ ಕಲೆ ನೋಡಿ ಗುರುತು ಹಿಡಿದೆ, ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಹೋದ ವರ್ಷ ನಮ್ಮ ಮನೆಗೆ ಒಂದು ಧಾರಾವಾಹಿ ಹೊಕ್ಕಿತು. ಯಾವುದೋ ಗುಡ್ಡಗಾಡಿನ ಹಾಸ್ಟೆಲ್ ಶಾಲೆಯ ಕಥೆ, ಕನ್ನಡಕ್ಕೆ ಡಬ್ ಆಗಿ ಬಂದದ್ದು. ಜೊತೆಯವರ ಹೀಯಾಳಿಕೆ ತಡೆಯಲಾರದೆ ಒಬ್ಬ ಹುಡುಗ ಮೊದಲನೇ ಕಂತಿನಲ್ಲೇ ಜೀವ ಕಳೆದುಕೊಳ್ಳುತ್ತಾನೆ. ಆಮೇಲೆ ಪ್ರತಿ ಶುಕ್ರವಾರ ಅವನ ಸಹಪಾಠಿಗಳಲ್ಲಿ ಒಬ್ಬೊಬ್ಬರ ಕಥೆ. ಹತ್ತನೇ ತರಗತಿಯ ನನ್ನ ಮಗಳು ರಿಮೋಟು ಹಿಡಿದು ಕೂರುತ್ತಿದ್ದಳು, ಅವಳ ಪಕ್ಕದಲ್ಲಿ ನಮ್ಮ ಅತ್ತೆ, ಅಡಿಗೆಮನೆಯ ಬಾಗಿಲಲ್ಲಿ ನಾನು.

ಅತ್ತೆಗೆ ಮೊದಲು ಕೆಟ್ಟವರು ಯಾರು ಎಂದು ತಿಳಿಯಬೇಕು, ನೋಡುವುದು ಆಮೇಲೆ. ಅವರ ಮಾಮೂಲಿ ಧಾರಾವಾಹಿಗಳಲ್ಲಿ ಈ ತೊಂದರೆ ಇಲ್ಲ. ಕೆಟ್ಟವಳು ಬಂದಳೆಂದರೆ ನಗಾರಿ ಬಡಿಯುತ್ತದೆ, ಅವಳ ಹುಬ್ಬು ಮೂರು ಸಲ ಏರುತ್ತದೆ. ಇಲ್ಲಿ ಹಾಗಲ್ಲ. ಒಂದು ವಾರ ಅವನಿಗೆ ಅಡ್ಡಹೆಸರಿಟ್ಟ ಹುಡುಗಿ ಕೆಟ್ಟವಳು. ಮುಂದಿನ ವಾರ ನೋಡಿದರೆ ಅವಳಿಗೆ ಮನೆಯಲ್ಲಿ ಅಪ್ಪನ ಕಾಟ. ಅದರ ಮುಂದಿನ ವಾರ, ಸತ್ತ ಹುಡುಗನೇ ತನಗಿಂತ ಸಣ್ಣವನೊಬ್ಬನನ್ನು ಅಳಿಸುತ್ತಿದ್ದನೆಂದು ಗೊತ್ತಾಯಿತು. ಅತ್ತೆ ಕನ್ನಡಕ ತೆಗೆದಿಟ್ಟರು.

“ಹಂಗಾದ್ರ ತಪ್ಪು ಯಾರದು ಅಂತ ಅಳಬೇಕಬೇ ನಾ?” ಎಂದು ಮೊಮ್ಮಗಳನ್ನು ಕೇಳಿದರು. “ಹೋದ ವಾರದ ಕಣ್ಣೀರು ದಂಡ ಆತಲ್ಲ!”

“ಆಯಿ, ಎಲ್ಲಾರೂ ಸ್ವಲ್ಪ ಸ್ವಲ್ಪ ಕೆಟ್ಟವರೇ ಇರ್ತಾರ, ಅದೇ ಇದರ ಮಜಾ,” ಎಂದು ಮಗಳು ವಿವರಿಸಿದಳು. ಹಾಗೆಂದವಳೇ, ಅಡ್ಡಹೆಸರಿಟ್ಟ ಹುಡುಗಿ ಮತ್ತೆ ಪರದೆಗೆ ಬಂದಾಗ ಹಲ್ಲು ಕಡಿದಳು. “ಇಕೀನ ಮಾತ್ರ ಜೈಲಿಗಿ ಹಾಕಬೇಕು. ಸಾಯತನಾ ಬಿಡಬಾರ್ದು.” ಅವಳ ಕಣ್ಣಲ್ಲಿ ನೀರಿತ್ತು. ನನ್ನ ಮಗಳ ಹೃದಯ ಎಷ್ಟು ಮೃದು ಎಂದು ನಾನು ಹೆಮ್ಮೆಪಟ್ಟು ಒಲೆಯ ಮೇಲಿನ ಸಾರು ಉಕ್ಕಿಸಿಕೊಂಡೆ.

ನನಗೆ ಆ ಧಾರಾವಾಹಿಯ ಮೇಲೆ ಬೇರೆಯೇ ಸಿಟ್ಟಿತ್ತು. ಬದುಕಿದ್ದಾಗ ಒಂದು ಮಾತಿಗೂ ದಿಕ್ಕಿಲ್ಲದ ಹುಡುಗನಿಗೆ ಸತ್ತ ಮೇಲೆ ಪಿಟೀಲು, ಕೊಳಲು, ನಿಧಾನವಾಗಿ ಉದುರುವ ಎಲೆ. ಊರೆಲ್ಲ ಅವನ ಫೋಟೋದ ಮುಂದೆ ನಿಂತು ಪಶ್ಚಾತ್ತಾಪ ಪಡುತ್ತದೆ. ಸಾಯುವುದು ಬಹಳ ಲಾಭದ ಕೆಲಸ ಎಂದು ಮಕ್ಕಳು ತಿಳಿದುಕೊಂಡರೆ ಯಾರನ್ನು ದೂರುವುದು? ಕಂತಿನ ಕೊನೆಯಲ್ಲಿ ಸಹಾಯವಾಣಿಯ ನಂಬರು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಅದರ ಹಿಂದೆ ಬರುವ ಮಸಾಲೆಪುಡಿಯ ಜಾಹೀರಾತು ಮಾತ್ರ ಪಾಕೀಟಿನ ಮೇಲಿನ ಅಕ್ಷರಗಳನ್ನೂ ಓದುವಷ್ಟು ಹೊತ್ತು ನಿಲ್ಲುತ್ತಿತ್ತು.

ಆ ದಿನಗಳಲ್ಲೇ ನನ್ನ ತರಗತಿಯ ಒಬ್ಬ ಹುಡುಗಿ ಶಾಲೆಗೆ ಬರುವುದನ್ನು ಬಿಟ್ಟಳು. ಹವಳಗಾ ಕಡೆಯಿಂದ ಬಸ್ಸಿಗೆ ಬರುತ್ತಿದ್ದವಳು. ಅವಳ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕೂಲಿ, ಅವ್ವ ಹೊಲಗೆಲಸ. ನನ್ನ ಮಗಳೂ ಅದೇ ತರಗತಿ. ಸರಕಾರಿ ಶಾಲೆಯ ಟೀಚರ್ ತನ್ನ ಮಗಳನ್ನು ಸರಕಾರಿ ಶಾಲೆಯಲ್ಲೇ ಓದಿಸುತ್ತಾಳೆಂದು ಒಂದು ಸಮಾರಂಭದಲ್ಲಿ ನನಗೆ ಅದಕ್ಕೂ ಶಾಲು ಸಿಕ್ಕಿತ್ತು. ಆ ಹುಡುಗಿ ಯಾಕೆ ಬರುತ್ತಿಲ್ಲ ಎಂದು ಮಗಳನ್ನು ಕೇಳಿದರೆ, “ನಂಗೇನ್ ಗೊತ್ತು ಮಮ್ಮಿ,” ಎಂದು ಮೊಬೈಲು ನೋಡಿದಳು.

ಒಂದು ಭಾನುವಾರ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಆಣಿಗೆ ತೂಗುಹಾಕಿದ ಶಾಲೆಯ ಚೀಲ. ಹುಡುಗಿ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಅವಳ ಅವ್ವ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದಳು:

“ಉಣ್ಣೂದು ಬಿಟ್ಟಾಳ್ರಿ ಟೀಚರ್. ನಾ ಇದ್ರೇನು ಬಿಟ್ರೇನು ಅಂತಾಳ್ರಿ. ಕೆಲಸಕ್ಕ ಹೋಗ್ಲಾಕ ಅಂಜಿಕಿ ಬರ್ತದ್ರಿ ನಂಗ. ಅಕೀನ ಬಿಟ್ಟು ಹೋಗಂಗಿಲ್ರಿ ನಾ.”

ಧಾರಾವಾಹಿಯ ಎಂಟು ಕಂತು ನೋಡಿದವಳು ನಾನು. ಇಂಥ ಮಾತಿಗೆ ಏನು ಹೇಳಬೇಕೆಂದು ಅದರಲ್ಲಿ ಒಂದು ಕಡೆಯೂ ತೋರಿಸಿರಲಿಲ್ಲ. ಒಳಗೆ ಹೋಗಿ ಹುಡುಗಿಯ ಪಕ್ಕದಲ್ಲಿ ಕೂತು, ಯಾರು ಏನು ಅಂದರು ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು.

“ನಿಮ್ ಮಗಳನ್ನ ಕೇಳ್ರಿ ಟೀಚರ್.”

ಕೇಳಿದೆ. ಕಬ್ಬು ನುರಿಸುವ ದಿನಗಳಲ್ಲಿ ಕಾರ್ಖಾನೆಯ ವಾಸನೆ ಆ ಹುಡುಗಿಯ ಬಟ್ಟೆಗೆ ಹತ್ತುತ್ತಿತ್ತಂತೆ. ಸಕ್ಕರೆ ಮಾಡಿ ಉಳಿಯುವ ಕಪ್ಪು ಪಾಕಕ್ಕೆ ಕಾಕಂಬಿ ಎನ್ನುತ್ತಾರೆ. ನನ್ನ ಮೃದು ಹೃದಯದ ಮಗಳು ಅವಳಿಗೆ ಅದೇ ಹೆಸರಿಟ್ಟಿದ್ದಳು. ಮೊದಲು ವಾಸನೆಗೆ, ಆಮೇಲೆ ಬಣ್ಣಕ್ಕೆ. ತರಗತಿಯ ಹುಡುಗಿಯರು ಅವಳು ಬಂದರೆ ಮೂಗು ಮುಚ್ಚುವುದು, ಅವಳು ಕೂತ ಬೆಂಚು ಒರೆಸುವುದು ಶುರುಮಾಡಿದ್ದರು. ಕಾರಣ ವಾಸನೆಯೊಂದೇ ಎಂದು ನಂಬುವಷ್ಟು ಮುಗ್ಧರು ನಮ್ಮೂರಲ್ಲಿ ಯಾರೂ ಇಲ್ಲ, ನಂಬಿದಂತೆ ಇರುವವರು ಮಾತ್ರ ಬೇಕಾದಷ್ಟು. ಮೂರನೇ ಬೆಂಚಿನಲ್ಲಿ ಅವಳೊಬ್ಬಳೇ ಕೂರುವುದನ್ನು ನಾನೂ ದಿನಾ ನೋಡಿದ್ದೆ. ಒಬ್ಬಳೇ ಇದ್ದರೆ ಓದಿನ ಮೇಲೆ ಲಕ್ಷ್ಯ ಇರುತ್ತದೆ ಎಂದುಕೊಂಡಿದ್ದೆ. ಟೀಚರುಗಳು ತಮಗೆ ಬೇಕಾದ್ದನ್ನು ಅಂದುಕೊಳ್ಳುವುದರಲ್ಲಿ ಬಹಳ ಜಾಣರು.

“ಜೋಕಿಗಿ ಅಂದಿದ್ದೆ ಮಮ್ಮಿ,” ಎಂದಳು ಮಗಳು. “ನಾ ಒಮ್ಮೆ ಅಂದೆ. ಆಮ್ಯಾಲ ಎಲ್ಲಾರೂ ಕರಿಯಾಕತ್ತರು. ನಾ ಏನ್ ಮಾಡ್ಲಿ?”

“ಶುಕ್ರವಾರ ಯಾರನ್ನೋ ಜೈಲಿಗಿ ಹಾಕಬೇಕು ಅಂತಿದ್ದೆಲ್ಲ ನೀ?”

“ಅಕಿ ಬ್ಯಾರೆ! ಅಕಿ ಬೇಕಂತ ಮಾಡ್ಯಾಳ,” ಎಂದು ಅತ್ತಳು. ಧಾರಾವಾಹಿಯ ಹುಡುಗಿಗೆ ಅಪ್ಪನ ಕಾಟವಾದರೂ ಇತ್ತು. ಇವಳಿಗೆ ಇದ್ದದ್ದು ಎರಡು ಹೊತ್ತು ಹಾಲು, ಒಂದು ಸೈಕಲ್ಲು, ಮುದ್ದಿನ ಅಪ್ಪ.

ಅತ್ತೆ ಮೊಮ್ಮಗಳ ಬೆನ್ನಿಗೆ ನಿಂತರು. ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡಿ, ಯಾರೂ ಮೇಲಿಲ್ಲ ಯಾರೂ ಕೀಳಿಲ್ಲ ಎಂಬ ವಚನಗಳನ್ನು ರಾಗವಾಗಿ ಹೇಳುವ ಬಾಯಿ ಅದು. ಓಣಿಯಲ್ಲಿ ಕುಂಟನಿಗೆ, ಕಿವುಡಿಗೆ, ಬಡವನಿಗೆ ಹೆಸರಿಟ್ಟ ಬಾಯಿಯೂ ಅದೇ. “ಹುಡುಗ್ರು ಅಂದ್ರ ಅಂತಾವ. ನಮ್ಮ ಕಾಲದಾಗ ಇದಕ್ಕೆಲ್ಲ ಯಾರು ಊಟ ಬಿಡ್ತಿದ್ರು?” ಎಂದರು. ಟಿವಿಯ ಹುಡುಗ ಊಟ ಬಿಟ್ಟ ಕಂತಿನಲ್ಲಿ ಸೆರಗು ತೊಯ್ಯುವಂತೆ ಅತ್ತವರು.

ನಾನೇನು ಭಾರಿ ಸಾಚಾ ಅಲ್ಲ. ಆ ಸಂಜೆ ನನಗೆ ಮೊದಲು ಹುಟ್ಟಿದ ಭಯ ಆ ಹುಡುಗಿಗಾಗಿ ಅಲ್ಲ. ನಾಳೆ ಅವಳಿಗೆ ಏನಾದರೂ ಆದರೆ ನನ್ನ ಮಗಳ ಹೆಸರು ಹೊರಗೆ ಬರುತ್ತದಲ್ಲ, ಅದು. ಎರಡನೆಯದಾಗಿ ಆ ಹುಡುಗಿ ನೆನಪಾದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಆ ಹುಡುಗಿಯನ್ನೂ ಅವಳ ಅವ್ವನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಆಪ್ತ ಸಮಾಲೋಚನೆ ಮಾಡುವ ಒಬ್ಬ ಹೆಣ್ಣುಮಗಳಿದ್ದಳು. ಶಾಲೂ ಇಲ್ಲ, ಪಿಟೀಲೂ ಇಲ್ಲ, ಬಾಗಿಲು ಮುಚ್ಚಿ ಕೂತು ಆ ಹುಡುಗಿಯ ಮಾತು ಕೇಳಿದಳು. ಮತ್ತೆ ಬಾ ಎಂದಳು, ಹುಡುಗಿ ಮತ್ತೆ ಹೋದಳು. ಊಟ ಮಾಡತೊಡಗಿದಳು. ಶಾಲೆಯ ಹೆಸರು ತೆಗೆದರೆ ಮಾತ್ರ ಗೋಡೆ ಕಡೆ ತಿರುಗುತ್ತಿದ್ದಳು.

ಹೆಡ್‌ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ, ಮಗಳ ಹೆಸರನ್ನೂ ಸೇರಿಸಿ. ತರಗತಿಯಲ್ಲಿ ಹುಡುಗಿಯರೊಂದಿಗೆ ಕೂತು ಮಾತಾಡೋಣ, ಬೆಂಚುಗಳನ್ನು ಬದಲಿಸೋಣ ಎಂದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, ಕಣ್ಣು ತೆರೆದು, ನಕ್ಕರು.

“ಏನೂ ಚಿಂತಿ ಮಾಡಬ್ಯಾಡ್ರಿ ಮೇಡಂ. ಆ ಹುಡುಗಿಗಿ ಒಂದು ಸನ್ಮಾನ ಮಾಡೋಣು.”

“ಯಾತಕ್ಕ್ರಿ ಸರ್?”

“ಧೈರ್ಯಕ್ಕ್ರಿ! ಒಂದು ಜಾಗೃತಿ ಕಾರ್ಯಕ್ರಮ ಇಡೋಣು. ಆ ಸೀರಿಯಲ್ ನಮ್ಮ ಮನ್ಯಾಗೂ ನೋಡ್ತಾರ್ರಿ. ಶಾಲು ನಿಮ್ ಮಗಳ ಕೈಲೇ ಹೊದಸೋಣು. ಅಕಿ ಹೆಂಗಿದ್ರೂ ಕ್ಲಾಸ್ ಲೀಡರ್.”

“ಹೆಸರಿಟ್ಟಾಕಿನೇ ಅಕಿ ಅಂತ ಈಗ ಹೇಳಿದ್ನೆಲ್ರಿ ಸರ್?”

“ಹಂಗಾದ್ರ ಇನ್ನೂ ಛಲೋ ಆತಲ್ರಿ! ಇಬ್ರೂ ಅಪ್ಪಿಕೊಳ್ಳಲಿ. ಫೋಟೋ ಛಂದ ಬರ್ತದ.”

ನಾನು ವಾದಿಸಿದೆ, ಬೇಡಿಕೊಂಡೆ, ಸಿಟ್ಟು ಮಾಡಿದೆ. ಹುಡುಗಿಯ ಅವ್ವನೇ ನನ್ನ ವಾದ ಸೋಲಿಸಿದಳು. ಅವರ ಮನೆತನದಲ್ಲಿ ಯಾರ ಹೆಗಲಿಗೂ ಇದುವರೆಗೆ ಶಾಲು ಬಿದ್ದಿರಲಿಲ್ಲ. ಮಗಳಿಗೆ ಸನ್ಮಾನವಂತೆ ಎಂದು ಕೇಳಿ ಅವಳ ಮುಖ ಅರಳಿತು. ಆ ಮುಖ ನೋಡಿಯೇ ಹುಡುಗಿ ಬರಲು ಒಪ್ಪಿದಳೆಂದು ಕಾಣುತ್ತದೆ.

ಕಾರ್ಯಕ್ರಮಕ್ಕೆ ಏನೂ ಕಡಿಮೆ ಇರಲಿಲ್ಲ. ಸ್ವಾಗತ, ದೀಪ, ಪ್ರಾಸ್ತಾವಿಕ. ಗಾಣಗಾಪುರದಿಂದ ಬಂದ ಅತಿಥಿಗಳು ಯುವಜನತೆ ದಾರಿ ತಪ್ಪುತ್ತಿರುವ ಬಗ್ಗೆ, ಮೊಬೈಲಿನ ಬಗ್ಗೆ, ತಮ್ಮ ಬಾಲ್ಯದ ಬಗ್ಗೆ, ಮತ್ತೆ ಮೊಬೈಲಿನ ಬಗ್ಗೆ ಮಾತಾಡಿದರು. ನಡುವೆ ಅವರ ಮೊಬೈಲು ರಿಂಗಾಯಿತು, ತೆಗೆದುಕೊಂಡು ಮಾತಾಡಿದರು. ಹೊಸ ಸೀರೆ ಉಟ್ಟ ಹುಡುಗಿಯ ಅವ್ವ ಮೊದಲ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹುಡುಗಿಯನ್ನು ವೇದಿಕೆಗೆ ಕರೆದರು. ಹಾರ ಬಿತ್ತು. ನನ್ನ ಮಗಳು ಶಾಲು ಬಿಚ್ಚಿ ಹಿಡಿದು ಮುಂದೆ ಬಂದಳು.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು ಮೈಕಿನ ಮುಂದೆ ನಿಂತಳು.

“ಶಾಲು ಬ್ಯಾಡ್ರಿ ಸರ್. ಮೂರನೇ ಬೆಂಚಿನ್ಯಾಗ ನಾ ಒಬ್ಬಾಕಿನೇ ಕುಂದರ್ತೇನಿ. ಯಾರರ ಬಂದು ಕುಂದರ್ರಿ ಅಂತ ಹೇಳ್ರಿ. ಅಷ್ಟಾದ್ರ ಸಾಕ್ರಿ.”

ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ನಮ್ಮ ಕಡೆ ಯಾರು ಏನು ಕೇಳಿದರೂ ಮೊದಲು ಚಪ್ಪಾಳೆ ಕೊಡುತ್ತೇವೆ. ಚಪ್ಪಾಳೆ ನಿಂತಿತು. ಯಾರೂ ಏಳಲಿಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು, ಕೆಲವರು ನನ್ನ ಮುಖ ನೋಡಿದರು.

“ನಾ ಕುಂದರ್ತೇನಿ,” ಎಂದಳು ನನ್ನ ಮಗಳು. ನಿಜವಾಗಿ ಅಂದಳು. ಹೆತ್ತವಳಿಗೆ ಅಷ್ಟು ತಿಳಿಯುತ್ತದೆ.

ಹುಡುಗಿ ಅವಳನ್ನು ನೋಡಿದಳು. “ನೀ ಬ್ಯಾಡ.”

ದನಿ ಸಣ್ಣದೇ ಇತ್ತು, ಆದರೆ ಎದುರಿಗೆ ಮೈಕಿತ್ತು. ಮೊದಲ ಸಾಲಿನಿಂದ ಅವಳ ಅವ್ವ, “ಹಂಗ ಅನಬಾರ್ದವ್ವಾ,” ಎಂದಳು. ಹುಡುಗಿ ಮಾತು ಹಿಂತೆಗೆದುಕೊಳ್ಳಲಿಲ್ಲ. ಹಾರ ತೆಗೆದು ಮೇಜಿನ ಮೇಲಿಟ್ಟು ಕೆಳಗಿಳಿದಳು. ಹೆಡ್‌ಮಾಸ್ತರರು ವಂದನಾರ್ಪಣೆ ಶುರುಮಾಡಿ, ಬಿಚ್ಚಿದ ಶಾಲು ವ್ಯರ್ಥವಾಗಬಾರದೆಂದು ಅತಿಥಿಗಳಿಗೆ ಹೊದಿಸಿದರು.

ಆ ಶುಕ್ರವಾರ ಧಾರಾವಾಹಿಯ ಕೊನೆಯ ಕಂತು. ಅಡ್ಡಹೆಸರಿಟ್ಟ ಹುಡುಗಿ ಸತ್ತವನ ಫೋಟೋದ ಮುಂದೆ ಮೊಣಕಾಲೂರಿ ಕ್ಷಮೆ ಕೇಳಿದಳು. ಗಾಳಿ ಬೀಸಿತು, ಒಂದು ಹೂವು ಅವಳ ಮಡಿಲಿಗೆ ಬಿತ್ತು, ಪಿಟೀಲು ಮೇಲೇರಿತು. ಕ್ಷಮೆ ಸಿಕ್ಕಿತು ಎಂದರ್ಥವಂತೆ. ಅತ್ತೆ ಮೂಗು ಒರೆಸಿಕೊಂಡು, “ಪಾಪ, ಕಡೀಗಿ ಛಲೋ ಆತು,” ಎಂದರು. ನನ್ನ ಮಗಳು ಟಿವಿ ಬಂದ್ ಮಾಡಿದಳು.

“ಸತ್ತಾವ ಬ್ಯಾಡ ಅನ್ನಂಗಿಲ್ಲಲ್ಲ ಮಮ್ಮಿ,” ಎಂದಳು.

ನಾನು ಅವಳನ್ನು ಹತ್ತಿರ ಎಳೆದುಕೊಂಡೆ. ಬೇಡ ಅನ್ನಲು ಆ ಹುಡುಗಿ ಇದ್ದಾಳಲ್ಲ ಎಂದು ನನ್ನ ಎದೆ ಹಗುರಾಗಿತ್ತು. ಅದನ್ನು ನನ್ನ ಮಗಳಿಗೆ ಹೇಗೆ ಹೇಳುವುದು?

ಸೋಮವಾರ ಆ ಹುಡುಗಿ ಶಾಲೆಗೆ ಬಂದಳು. ನಾನು ತರಗತಿಗೆ ಹೋದಾಗ ಮೂರನೇ ಬೆಂಚಿನಲ್ಲಿ ಇಬ್ಬರಿದ್ದರು. ಎರಡನೆಯವಳು ನನ್ನ ಮಗಳ ಜೀವದ ಗೆಳತಿ, ಒಂದನೇ ತರಗತಿಯಿಂದ ಅವಳ ಪಕ್ಕ ಬಿಟ್ಟವಳಲ್ಲ. ನನ್ನ ಮಗಳು ಮುಂದಿನ ಬೆಂಚಿನಲ್ಲಿ ಒಬ್ಬಳೇ ಇದ್ದಳು, ಪುಸ್ತಕದ ಮೇಲೆ ತಲೆ ಬಗ್ಗಿಸಿ. ಅವಳ ಕಿವಿ ಕೆಂಪಾಗಿತ್ತು. ಯಾರಾದರೂ ಬಂದು ಇಲ್ಲಿ ಕೂರಿರಿ ಎನ್ನಲು ಬಾಯಿ ತೆರೆದೆ.

ಮೂರನೇ ಬೆಂಚಿನಿಂದ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಇಷ್ಟು ತಿಂಗಳು ಅವಳಿಗಾಗಿ ತೆರೆಯದ ಬಾಯಿಯನ್ನು ಮುಚ್ಚಿಕೊಂಡು, ಹಾಜರಿ ಕೂಗಲು ಶುರುಮಾಡಿದೆ.